ಭಂಡಾರ ಎತ್ತಿದ ದಿನ

ಪಾಲಬಾವಿ
ತಾ. 18-9-2011

ಚಿ. ಭಾಗ್ಯಾಳಿಗೆ ಅತ್ತೆ ಸಕ್ಕುಬಾಯಿಯ ಆಶೀರ್ವಾದಗಳು.

ಐಗಳಿಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾಲ್ಕು ವರ್ಷ ಸುಮ್ಮನಿದ್ದವಳ ಕಾಗದವನ್ನು ನೀನು ಹರಿದು ಒಲೆಗೆ ಹಾಕಿದರೂ ತಪ್ಪಿಲ್ಲ. ಆದರೆ ಓದಿ ಹಾಕು.

ನನ್ನ ಮಗ, ನಿನ್ನ ಗಂಡ ಸಂಗ್ರಾಮ ತೀರಿಹೋಗಿ ಎರಡು ತಿಂಗಳಾಯಿತು. ಕಾಮಾಲೆ ಆಗಿತ್ತು. ನಿನಗೆ ಸುದ್ದಿ ಕಳಿಸೋಣ ಎಂದೆ. ನಿನ್ನ ದೊಡ್ಡಮಾವ ವಿಠೋಬಾ, "ಅತ್ತಿ ಬಂಗಾರ ಕದ್ದಾಕಿ ಮಣ್ಣಿಗಿ ಬಂದು ಏನ ಮಾಡ್ತಾಳ?" ಎಂದರು. ನಾನು ಯಾರನ್ನೂ ಕಳಿಸಲಿಲ್ಲ.

ನನ್ನ ಬಂಗಾರದ ಬೋರಮಾಳ ಸರ ಕಳೆದ ಆ ದಿನ ನಿನಗೆ ನೆನಪಿರಲೇಬೇಕು. ದೊಡ್ಡಮಾವ ದೇವರ ಜಗಲಿಯ ಮುಂದೆ ಬೀರಪ್ಪನ ಭಂಡಾರದ ಅರಿಸಿನವನ್ನು ಬಟ್ಟಲಲ್ಲಿಟ್ಟು, ಎಲ್ಲರೂ ಒಂದೊಂದು ಚಿಟಿಕೆ ಎತ್ತಿ ಆಣೆ ಮಾಡಿರಿ ಎಂದರು. ಸಂಗ್ರಾಮನೇ ಮೊದಲು ಎತ್ತಿದ. "ನಾ ಒಯ್ದಿದ್ರ ಮುಂದಿನ ಜನ್ಮಕ್ಕ ಬೀರಪ್ಪನ ಕುರಿ ಆಗ್ತೇನಿ" ಎಂದು ಎಲ್ಲರನ್ನೂ ನಗಿಸಿದ. ನೀನು ಕೈ ಚಾಚಿ ಹಿಂದೆಳೆದುಕೊಂಡೆ. ನನ್ನ ಮುಖ ನೋಡಿದೆ. "ನೋಡ್ರಿ, ಕೈ ಹೆಂಗ ಹಿಂದ ಜಗ್ಗಿಕೊಂಡ್ಳು! ದೇವರ ಹಿಡದ ಕೊಟ್ಟ" ಎಂದರು ದೊಡ್ಡಮಾವ. ಯಾಕೆ ಎತ್ತಲಿಲ್ಲವೆಂದು ಯಾರೂ ಕೇಳಲಿಲ್ಲ. ಸಂಜೆ ನಿನ್ನ ಅಣ್ಣ ಬಂದು ನಿನ್ನನ್ನು ಕರೆದುಕೊಂಡು ಹೋದ.

ಸಾಯುವ ಹಿಂದಿನ ದಿನ ಸಂಗ್ರಾಮ ನನ್ನನ್ನು ಹತ್ತಿರ ಕರೆದ. "ಯವ್ವಾ, ಬೋರಮಾಳ ನಾನ ಮುಗಳಖೋಡದಾಗ ಮಾರೇನಿ. ಭಾಗ್ಯಾಗ ಹೇಳಬ್ಯಾಡ ಬೇ" ಎಂದ. ನನಗೆ ನಿಜ ಗೊತ್ತಾದದ್ದು ಆಗ.

ನಿನ್ನೆ ಇದನ್ನು ದೊಡ್ಡಮಾವನಿಗೆ ಹೇಳಿದೆ. "ಸತ್ತ ಮಗಗ ಕಳ್ಳ ಅಂತೀಯೇನ? ಆಕಿ ಹೆಂಗೂ ಹೋಗ್ಯಾಳ, ಹೋಗ್ಲಿ ಬಿಡು" ಎಂದರು. ಬಿಡಲಿಲ್ಲ. ನಿಮ್ಮೂರಲ್ಲಿ ನಿನ್ನನ್ನು ಕಳ್ಳಿ ಎಂದವರಿಗೆಲ್ಲ ಈ ಕಾಗದ ತೋರಿಸು. ಕೆಳಗೆ ನನ್ನ ಸಹಿ ಇದೆ.

ಹೊಲಿಗೆ ಕೆಲಸ ಹಿಡಿದಿದ್ದೀ ಎಂದು ಕೇಳಿದೆ. ನಿನ್ನ ಮಷಿನ್ ನಿಲ್ಲದೆ ನಡೆಯಲಿ. ನನ್ನ ಹರಕೆ ನಿನಗೆ ಬೇಡವಾದರೂ ಅದು ನಿನ್ನದೇ.

ಇಂತಿ,
ಸಕ್ಕುಬಾಯಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನಗೆ ಅಂದೇ ಗೊತ್ತಿತ್ತು. ಆ ದಿನ ನಸುಕಿನಲ್ಲಿ ನೀನು, "ಅತ್ತಿ, ನಾ ಹೊರಗ ಆಗೇನ್ರಿ, ದೇವರ ಜಗಲಿಗಿ ಬರಂಗಿಲ್ಲ" ಎಂದು ನನಗೊಬ್ಬಳಿಗೇ ಹೇಳಿದ್ದೆ. ಗಂಡಸರ ಮುಂದೆ ಆ ಮಾತನ್ನು ನಾನು ಆಡಲಿ ಎಂದೇ ನನ್ನ ಮುಖ ನೋಡಿದೆ. ಆಡಿದ್ದರೆ ಅವರು ಬೇರೆ ಕಳ್ಳನನ್ನು ಹುಡುಕುತ್ತಿದ್ದರು. ಮಗ ತಪ್ಪು ಮುಚ್ಚಲು ನಗಿಸುತ್ತಾನೆಂದು ಹೆತ್ತವಳಿಗೆ ತಿಳಿಯದೇ? ನಾನು ನೆಲ ನೋಡಿದೆ. ನಿನ್ನ ನಂತರ ನನ್ನ ಸರದಿ ಬಂತು. "ಯಾರ ಒಯ್ದಾರೋ ನನಗ ಗೊತ್ತಿಲ್ಲ" ಎಂದು, ನೀನು ನೋಡುತ್ತಿದ್ದಂತೆಯೇ, ನಾನೂ ಭಂಡಾರ ಎತ್ತಿದೆ.