ನಡುಗದ ಪೆಟ್ಟಿಗೆ

ಗೆಳೆಯಾ ಗುರುಪಾದ,

ಬನಹಟ್ಟಿಯ ನಿಮ್ಮ ಮನೆಯಲ್ಲಿ ನಾವಿಬ್ಬರೂ ಸೇರಿ ಕಟ್ಟಿದ ಸ್ಪೀಕರನ್ನು ಮೊದಲ ಸಲ ಹಚ್ಚಿದ ಆ ಮಧ್ಯಾಹ್ನ ನೆನಪಿದೆಯೇ? ಮಗ್ಗಗಳಿಗೆ ರಜೆ. ಮನೆಯಲ್ಲಿ ಸಪ್ಪಳವಿರಲಿಲ್ಲ. ಹಾರ್ಮೋನಿಯಂ ಚೆನ್ನಾಗಿಯೇ ಬಂತು. ತಬಲಾ ಜೊತೆಯ ಡಗ್ಗಾದ ಪೆಟ್ಟು ಬಿದ್ದೊಡನೆ ಮಾತ್ರ ಸ್ಪೀಕರಿನ ಪೆಟ್ಟಿಗೆಯೂ ಗುಂಯ್ ಎನ್ನತೊಡಗಿತು. ಆಂಪ್ಲಿಫಾಯರ್ ಕೆಟ್ಟಿದೆ ಎಂದೆ ನಾನು. ನೀನು ಎದ್ದು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿದೆ, ನಿಂತಿತು. ಕೈ ತೆಗೆದೆ, ಮತ್ತೆ ಬಂತು.

"ಮಲ್ಯಾ, ಹಾಡಾವ ಒಬ್ಬನ ಇರಬೇಕಲೇ. ಇಲ್ಲಿ ಪೆಟಗಿನೂ ಹಾಡಾಕತ್ತೈತಿ."

ಮುಂದಿನ ಸಲ ಬೀಳಗಿಯಿಂದ ಬರುವಾಗ ನಾನು ಬಸ್ಸಿನಲ್ಲಿ ಸಾಗವಾನಿಯ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಣೆಕಟ್ಟಿನ ಹಿನ್ನೀರು ಏರುವ ಮುಂಚೆ ನಮ್ಮ ಹಳೆಯ ಮನೆಯಿಂದ ಕಿತ್ತಿಟ್ಟಿದ್ದ ಬಾಗಿಲ ಚೌಕಟ್ಟಿನದು. ಸ್ಪೀಕರಿನ ಕಾಗದದ ಕೋನು ಆಡಿದಾಗ ತೆಳು ಪ್ಲೈವುಡ್ಡಿನ ಗೋಡೆಗಳೂ ಅದರ ಜೊತೆ ನಡುಗುತ್ತವೆ, ಅವನ್ನು ಎದುರುಬದುರಾಗಿ ಹಿಡಿದು ನಿಲ್ಲಿಸಬೇಕು ಎಂದು ಇಬ್ಬರೂ ಲೆಕ್ಕ ಹಾಕಿದ್ದೆವು. ಆ ಸಾಗವಾನಿ ಪಟ್ಟಿಯನ್ನು ಪೆಟ್ಟಿಗೆಯೊಳಗೆ ಅಡ್ಡ ಕೂಡಿಸುವಾಗ ನೀನು, "ನಟ್ಟನಡುವ ಬ್ಯಾಡ, ತುಸು ಸರಸು. ಇಲ್ಲಾಂದ್ರ ಎರಡೂ ಕಡೆ ಒಂದ ಸೂರ ಹಿಡೀತಾವ," ಎಂದೆ. ಕೆಳಗೆ ರಬ್ಬರಿನ ಕಾಲು ಹಚ್ಚಿ ಫರಸಿ ಕಲ್ಲಿನ ನೆಲದ ಮೇಲೆ ಇಟ್ಟೆವು. ಡಗ್ಗಾ ಡಗ್ಗಾದಂತೆಯೇ ಕೇಳಿತು. ಪೆಟ್ಟಿಗೆಯ ಗೋಡೆ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ಎಷ್ಟು ಖುಷಿಪಟ್ಟೆವು ಅವತ್ತು...

ಯಾವಾಗಿನಿಂದ ನೀನು ಧ್ವನಿ ಹೆಚ್ಚಿಸತೊಡಗಿದೆ? ನಿನ್ನ ಕಿವಿ ಮಂದವಾಗುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮಗ್ಗದ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು. ಬಾಗಲಕೋಟೆಯ ಡಾಕ್ಟರು ನಿನ್ನನ್ನು ಹೊರಗೆ ಕೂರಿಸಿ ನನಗೆ ಹೇಳಿದ್ದರು: "ಕಿವಿ ನರಾ ಸೋತಾವ್ರೀ. ಮಗ್ಗದ ಸಪ್ಪಳಾ ಭಾಳ ವರ್ಷ ಬಿದ್ದೈತಿ. ಹೋದದ್ದು ತಿರುಗಿ ಬರೂದಿಲ್ಲ." ಬಸ್ ನಿಲ್ದಾಣದಲ್ಲಿ ನೀನು, "ಏನಂದ್ರಲೇ?" ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದೆ. ಬಸ್ಸು ಬಂತು ಎಂದು ಕೈ ತೋರಿಸಿದೆ. ಆಮೇಲೆ ತಂದ ಕಿವಿಯ ಯಂತ್ರ ಮಗ್ಗದ ಗದ್ದಲವನ್ನಷ್ಟೇ ದೊಡ್ಡದು ಮಾಡಿತು, ಮಾತು ಬಿಡಿಸಿ ಕೊಡಲಿಲ್ಲ.

ಒಂದು ಬೆಳಿಗ್ಗೆ ನಾನು ಬಂದಾಗ ನೀನು ಪೆಟ್ಟಿಗೆಗೆ ಕೆನ್ನೆ ಆನಿಸಿ ಕೂತಿದ್ದೆ. ಹಾಡು ನಡೆದಿತ್ತು. ನಿನ್ನ ಮಗಳು ಅಕ್ಷತಾ ಹೊಸ್ತಿಲ ಬಳಿ ಕೂತು ಕೇಳುತ್ತಿದ್ದಳು.

"ಹಚ್ಚ್ಯಾರೇನಲೇ? ಕೈಗೆ ಏನೂ ಹತ್ತವಲ್ದು. ಮೊದಲಿನಂಗ ಗುಂಯ್ ಅಂದಿದ್ರ ಕೈಗಾದ್ರೂ ತಿಳೀತಿತ್ತು. ಆ ಪಟ್ಟಿ ತಗದಬಿಡು."

ಸ್ಪೀಕರಿನ ಕೋನನ್ನೇ ಮುಟ್ಟು ಎಂದು ಸನ್ನೆ ಮಾಡಿದೆ. ನೀನು ಮಗಳ ಕಡೆ ನೋಡಿದೆ. "ಮುಟ್ಟಿದ್ರ ಹಾಡ ಕೆಡತೈತಿ. ಆಕಿ ಕೇಳಾಕತ್ತಾಳ."

ಸ್ಪೀಕರನ್ನು ಬಿಚ್ಚಿ ತೂತಿನೊಳಗೆ ಕೈ ಹಾಕಿದೆವು. ಸಾಗವಾನಿ ಅಲುಗಲಿಲ್ಲ. ಉಳಿ ಹಾಕಿದರೆ ಪ್ಲೈವುಡ್ಡೇ ಸೀಳತೊಡಗಿತು. "ಬಿಡಲೇ, ಛಲೋ ಕೂಡಿಸೀವಿ," ಎಂದು ನೀನು ನಕ್ಕೆ. ನನ್ನಿಂದ ನಗಲಾಗಲಿಲ್ಲ.

ನಿನಗೆಂದು ಹೊಸ ಪೆಟ್ಟಿಗೆ ಮಾಡಿಸಲು ಹೋದಾಗ ರಬಕವಿಯ ಬಡಿಗ ನನಗೆ ಎಷ್ಟು ಹೇಳಿದನೋ. "ಇಷ್ಟ ತೆಳ್ಳಂದು ಹಾಕಿದ್ರ ನಡಗತೈತ್ರೀ." ನಡುಗಲೆಂದೇ ಮಾಡಿಸುತ್ತಿರುವುದು ಎಂದರೆ ಅವನಿಗೆ ಅರ್ಥವಾಗಲಿಲ್ಲ. ಪಟ್ಟಿಯಿಲ್ಲ, ಒಳಗೆ ಆಧಾರವಿಲ್ಲ. ಮುಟ್ಟಿದರೆ ಹಾಡೆಲ್ಲ ಕೈಗೆ ಬರುವಂಥ ಪೆಟ್ಟಿಗೆ. ಅದನ್ನು ತರಲು ನಾನು ಹೊರಟ ಬೆಳಿಗ್ಗೆಯೇ ಅಕ್ಷತಾಳ ಫೋನು ಬಂತು. ಎದೆ ನೋವೆಂದು ನಿನ್ನನ್ನು ಜಮಖಂಡಿಗೆ ಕರೆದೊಯ್ಯುತ್ತಿದ್ದರಂತೆ, ದಾರಿಯಲ್ಲೇ...

ನೀನು ಹೋದ ಮೇಲೂ ಆ ಪೆಟ್ಟಿಗೆಯನ್ನು ನಿಮ್ಮ ಮನೆಗೇ ತಂದೆ. ಎಲ್ಲಿಡಲಿ ಅದನ್ನು? ನಿಮ್ಮವ್ವನಿಗೂ ಏನೂ ಕೇಳಿಸುತ್ತಿರಲಿಲ್ಲ, ಗೊತ್ತೇ? ವಯಸ್ಸಾಯಿತು ಎಂದುಕೊಂಡು ನಾವ್ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಮಗ್ಗದ ಮುಂದೆ ನಿನಗಿಂತ ಹೆಚ್ಚು ವರ್ಷ ನಿಂತವಳು ಅವಳು. ಹಾಡು ಹಚ್ಚಿ ಅವಳ ಕೈ ಹಿಡಿದು ಪೆಟ್ಟಿಗೆಯ ಮೇಲಿಟ್ಟೆ. ಡಗ್ಗಾ ಬಿತ್ತು. ಬಿಸಿ ತಾಗಿದಂತೆ ಕೈ ಎಳೆದುಕೊಂಡಳು.

"ಬಂದ್ ಮಾಡೋ ಯಪ್ಪಾ. ಮಗ್ಗ ಓಡಿದಂಗ ಆಗತೈತಿ."

ಬಂದ್ ಮಾಡಿದೆ.

ಇನ್ನೊಂದು ಸುದ್ದಿ ನಿನಗೆ ಹೇಳಬೇಕು. ಮಗ್ಗಗಳನ್ನು ಈಗ ಅಕ್ಷತಾ ನಡೆಸುತ್ತಾಳೆ. ಕಾಲೇಜು ಮುಗಿಸಿದ ಹುಡುಗಿ, ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುತ್ತಾಳೆ. ಅಷ್ಟು ಸಾಕೇ? ಯಾರನ್ನು ಕೇಳಲಿ? ಮೊನ್ನೆ ಹೋದಾಗ ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಲಿಲ್ಲ. ಹತ್ತಿಯ ಕಾರಣಕ್ಕಿರಬಹುದು. ಮಗ್ಗಗಳು ಜೋರಾಗಿಯೇ ಓಡುತ್ತಿದ್ದವು, ಅದೂ ಇರಬಹುದು. ಮಗ್ಗ ನಿಂತ ಮೇಲೆ ಇನ್ನೊಮ್ಮೆ ಕೂಗಿ ನೋಡೋಣವೆಂದು ಕಟ್ಟೆಯ ಮೇಲೆ ಕೂತೆ. ಮಗ್ಗಗಳು ನಿಂತವು. ಅವಳು ನನಗೆ ಬೆನ್ನು ಹಾಕಿ ನೂಲು ಕಟ್ಟುತ್ತಿದ್ದಳು, ಗುರುಪಾದ. ಬಾಯಿ ತೆರೆಯಲು ನನಗೆ ಧೈರ್ಯ ಬರಲಿಲ್ಲ.

ನಿನ್ನ
ಮಲ್ಯಾ