ಜಕ್ಕೂರು ಕೆರೆಯ ದೆವ್ವವನ್ನು ಬೀರುವಿನಿಂದ ಬಿಡುಗಡೆ ಮಾಡಿ

ಮಾನ್ಯ ಠಾಣಾಧಿಕಾರಿಗಳೇ,

ಐದು ತಿಂಗಳಿಂದ ತಮ್ಮ ಠಾಣೆಯ ಬೀರುವಿನಲ್ಲಿ ಒಂದು ದೆವ್ವ ಬಂಧನದಲ್ಲಿದೆ. ಅದು ನನ್ನದು. ದಯವಿಟ್ಟು ಬಿಟ್ಟುಕೊಡಿ.

ನಾನು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಭಾನುವಾರ ಮಾತ್ರ ಚಿತ್ರ ನಿರ್ದೇಶಕ. ಪುಟ್ಟ ಕ್ಯಾಮೆರಾದಲ್ಲಿ ಹತ್ತು ನಿಮಿಷದೊಳಗಿನ ದೆವ್ವದ ಚಿತ್ರಗಳನ್ನು ತೆಗೆಯುತ್ತೇನೆ. ಈವರೆಗೆ ನಾಲ್ಕಾಗಿವೆ, ನೋಡಿದವರೆಲ್ಲ ಹೊಟ್ಟೆ ತುಂಬ ನಕ್ಕಿದ್ದಾರೆ. ಐದನೆಯದಕ್ಕಾದರೂ ಯಾರಾದರೂ ಹೆದರಲಿ ಎಂದು ಪಕ್ಕದ ಮನೆಯ ನೀಲಕ್ಕನವರನ್ನು ದೆವ್ವವಾಗಲು ಕೇಳಿಕೊಂಡೆ. ಗದಗಿನವರು, ಅರವತ್ತೆರಡು ವರ್ಷ. ಹುಡುಗಿಯಾಗಿದ್ದಾಗ ನಾಟಕ ಕಂಪನಿ ಸೇರುವ ಆಸೆಯಿತ್ತಂತೆ, ಅಪ್ಪ ಬಿಡಲಿಲ್ಲವಂತೆ. "ಈ ವಯಸ್ಸಿನ್ಯಾಗ ನಾಯಕಿ ಪಾರ್ಟು ಯಾರು ಕೊಡ್ತಾರ್ರೀ? ದೆವ್ವದ್ದಾದ್ರೂ ಇರ್ಲಿ, ಮಾಡ್ತೀನಿ" ಎಂದವರು ಅಂದೇ ಬಿಳಿ ಸೀರೆ ಒಗೆದು ನೀಲಿ ಹಾಕಿಟ್ಟರು.

ಫೆಬ್ರವರಿಯ ಒಂದು ಮಧ್ಯಾಹ್ನ ಜಕ್ಕೂರು ಕೆರೆ ಏರಿಯ ಮೇಲೆ ಚಿತ್ರೀಕರಣ. ಲೆನ್ಸಿನ ಮುಂದೆ ನೀಲಿ ಗಾಜು ಹಿಡಿದರೆ ಸುಡುಬಿಸಿಲೂ ಬೆಳದಿಂಗಳಾಗುತ್ತದೆ, ಸ್ವಾಮಿ. ಎಮ್ಮೆ ಮೇಯಿಸುತ್ತಿದ್ದ ಮುನಿನಾರಾಯಣಪ್ಪನವರಿಗೆ ಹುಣಸೆಮರದ ಕೆಳಗಿನ ನೀಲಕ್ಕ ಕಂಡರು, ಪೊದೆಯ ಹಿಂದಿನ ನಾನು ಕಾಣಲಿಲ್ಲ. ಅವರು ನೇರ ತಮ್ಮಲ್ಲಿಗೆ ಓಡಿ ದೆವ್ವದ ಮೇಲೆ ದೂರು ಕೊಟ್ಟರು. ಸಂಜೆಯೊಳಗೆ ದೆವ್ವವಿದ್ದ ನನ್ನ ರೀಲು ತಮ್ಮ ಬೀರು ಸೇರಿತ್ತು.

ಮರುದಿನ ಮುನಿನಾರಾಯಣಪ್ಪನವರಿಗೆ ವಿಷಯ ತಿಳಿಸಿ, ನೀಲಕ್ಕನೂ ಸೇರಿ ನಾವು ಮೂವರೂ ಠಾಣೆಗೆ ಬಂದೆವು.

"ದೆವ್ವ ಅಲ್ಲ ಸಾ, ಈಯಮ್ಮ. ಇಂಗೆ ಬಿಳೇ ಸೀರೆ ಉಟ್ಕಂಡು ನಿಂತ್ರೆ ನಂಗೇನ್ ಗೊತ್ತಾಯ್ತದೆ? ಕಂಪ್ಲೇಂಟ್ ವಾಪಸ್ ತಗಂತೀನಿ" ಎಂದರು ಮುನಿನಾರಾಯಣಪ್ಪ.

ತಮ್ಮ ರೈಟರ್ ತಲೆಯೆತ್ತಲಿಲ್ಲ. "ಕಂಪ್ಲೇಂಟ್ ಇರೋದು ದೆವ್ವದ ಮೇಲೆ ಕಣ್ರೀ. ರೀಲು ಬೇಕಂದ್ರೆ ದೆವ್ವಾನೇ ಬಂದು ಸೈನ್ ಮಾಡ್ಬೇಕು."

"ಬಂದೀನಲ್ರೀ! ಪೆನ್ನು ಕೊಡ್ರಿ" ಎಂದರು ನೀಲಕ್ಕ.

"ನೀವು ಬದುಕಿದೀರಲ್ಲ ತಾಯಿ. ಆಗಲ್ಲ."

ಮಾನ್ಯರೇ, ಒಂದು ಸಹಿಗಾಗಿ ಆಕೆ ಪ್ರಾಣ ಬಿಡಬೇಕೆ? ಇದು ಯಾವ ಕಾನೂನಿನ ಎಷ್ಟನೆಯ ಕಲಮು? ಅಂದಿನಿಂದ ಹನ್ನೊಂದು ಸಲ ಬಂದಿದ್ದೇನೆ. ಒಮ್ಮೆಯೂ ತಾವು ಕಣ್ಣಿಗೆ ಬಿದ್ದಿಲ್ಲ; ಹಾಗೆ ನೋಡಿದರೆ ದೆವ್ವದ ಪಾತ್ರಕ್ಕೆ ತಾವೇ ಹೆಚ್ಚು ಯೋಗ್ಯರು.

ನಿಜವಾದ ಕಾರಣ ನನಗೆ ಗೊತ್ತು. ದೂರು ವಿಚಾರಿಸಲು ಬಂದ ತಮ್ಮ ಪೇದೆ ಏರಿ ಹತ್ತಿದಾಗ ಕ್ಯಾಮೆರಾ ಓಡುತ್ತಿತ್ತು. ನೀಲಕ್ಕ ಪಾತ್ರ ಬಿಡದೆ ಅವರತ್ತ ತಿರುಗಿ ನಕ್ಕರು. ಅವರು ಸೈಕಲ್ಲು, ಟೋಪಿ ಎರಡನ್ನೂ ಬಿಟ್ಟು ಓಡಿದರು. ಅರ್ಧ ಗಂಟೆಯ ಬಳಿಕ ಇಬ್ಬರನ್ನು ಜೊತೆಗೆ ಕರೆತಂದು ರೀಲು ಕಿತ್ತುಕೊಂಡರು. ನನ್ನ ಕ್ಯಾಮೆರಾದ ಮುಂದೆ ಮನಸಾರೆ ಹೆದರಿದ ಮೊದಲ ಮನುಷ್ಯ ಆತ. ಇಲಾಖೆಗೆ ಮುಜುಗರವೆಂದರೆ ಆ ತುಣುಕನ್ನು ಕತ್ತರಿಸಿ ತಮಗೇ ಕೊಡುತ್ತೇನೆ, ಎದೆಯ ಮೇಲೆ ಕಲ್ಲಿಟ್ಟುಕೊಂಡು.

ಆದರೆ ಸೋಮವಾರದೊಳಗೆ ರೀಲು ಕೊಡಿಸಿ. ಅದನ್ನು ಬೊಂಬಾಯಿಯ ಲ್ಯಾಬಿಗೆ ಕಳಿಸಿ ತೊಳೆಸಬೇಕು. ಬೀರುವಿನ ತೇವಕ್ಕೆ ಹಾಳಾದರೆ ಆ ಮುಖ, ಆ ನಗು ಮತ್ತೆ ಸಿಗುವುದಿಲ್ಲ. ಗೌರಿ ಹಬ್ಬದ ಹೊತ್ತಿಗೆ ನಮ್ಮ ಮನೆಯ ಗೋಡೆಯ ಮೇಲೆ ಪ್ರದರ್ಶನವೆಂದು ನೀಲಕ್ಕ ಬೀದಿಗೆಲ್ಲ ಹೇಳಿ ಬಂದಿದ್ದಾರೆ. ಕತ್ತರಿಸುವ ಮಾತಿಗೆ ಮಾತ್ರ ಅವರ ಒಪ್ಪಿಗೆಯಿಲ್ಲ.

"ಮುಂದಿನ ಸಾಲಿನ್ಯಾಗ ಒಂದು ಕುರ್ಚಿ ಹಾಕ್ರಿ, ಆ ಪೊಲೀಸಪ್ಪನ್ನೂ ಕರೀರಿ" ಎಂದರು ನಿನ್ನೆ. "ಪಾಪ, ಅವನೂ ಮೊದಲನೇ ಸಲನ ಸಿನಿಮಾದಾಗ ಮಾಡ್ಯಾನ."

ಇಂತಿ,
ಜನರನ್ನು ಹೆದರಿಸಲು ಹೊರಟು ಠಾಣೆಗೆ ಅಲೆಯುತ್ತಿರುವ
ತ್ರಿವಿಕ್ರಮ
ಕೆಂಪಾಪುರ, ಜುಲೈ ೧೯೮೨