ಮೂರನೆಯ ಗಾಯ

ಫೆಬ್ರುವರಿ 9, ಭಾನುವಾರ.

ಆ ಮೂರನೆಯ ಗಾಯವೇ ತಲೆಯಲ್ಲಿ ಕೂತಿದೆ.

ಅಂಗಳದ ದೇವಕಣಗಿಲೆಯ ಮೂರು ಕೊಂಬೆಗಳು ತುದಿಯಿಂದ ಕಪ್ಪಾಗಿ ಕೊಳೆಯುತ್ತಿದ್ದವು. ಒಳಗೆ ಬೆಳ್ಳಗೆ ಕಾಣುವವರೆಗೂ ಕೊಯ್ದೆ. ಹಾಲು ಮೊಣಕೈವರೆಗೆ ಇಳಿಯಿತು. ಪ್ರತಿ ಸಲ ಕತ್ತಿಯನ್ನು ಬಿಸಿನೀರಲ್ಲಿ ತೊಳೆ ಎಂದರು ಅತ್ತೆ. ಕುರಿಯ ಕೊಳೆತ ಗೊರಸು ಕೆತ್ತುವಾಗ ಹಾಗೇ ಮಾಡುತ್ತಿದ್ದರಂತೆ. ಕೊಂಬೆ ಕೊಯ್ದ ಗಾಯಕ್ಕೆ ಅರಿಸಿನ ಹಚ್ಚು ಎಂದೂ ಹೇಳಿದರು. ನಾನು ವಿಜ್ಞಾನದ ಟೀಚರು, ಸುಮ್ಮನೆ ಒಪ್ಪುತ್ತೇನೆಯೆ? ಒಂದಕ್ಕೆ ಕುಳಗೇರಿ ಕ್ರಾಸಿನಿಂದ ತಂದ ಔಷಧ, ಇನ್ನೊಂದಕ್ಕೆ ಅರಿಸಿನ ಹಚ್ಚಿದೆ. ಮೂರನೆಯದಕ್ಕೆ ಏನೂ ಹಚ್ಚಲಿಲ್ಲ. ಯಾವುದು ಮೊದಲು ಒಣಗುತ್ತದೆ ಎಂಬ ಕುತೂಹಲ.

ಸಂಜೆ ನೋಡಿದರೆ ಮೂರನೆಯದೂ ಹಳದಿ! ಅತ್ತೆ ಜಗಲಿಯ ಮೇಲಿನ ಬೀರಪ್ಪ ದೇವರ ಭಂಡಾರವನ್ನೇ, ಪೂಜೆಯ ಅರಿಸಿನಪುಡಿಯನ್ನೇ, ತಂದು ಬಳಿದಿದ್ದಾರೆ.

"ಅತ್ತಿ, ಅದಕ್ಯಾಕ ಹಚ್ಚೀರಿ? ಏನಾಗ್ತೈತಿ ನೋಡಾಕಂತ ಬಿಟ್ಟಿದ್ನಿ."

"ಎರಡಕ್ಕ ಹಚ್ಚಿ ಒಂದನ್ನ ಹಂಗ ಬಿಡ್ತಾರೇನವಾ? ಅದೇನ್ ಪಾಪ ಮಾಡೇತಿ?"

ಪ್ರಯೋಗದಲ್ಲಿ ಹೋಲಿಕೆಗೆಂದು ಒಂದನ್ನು ಹಾಗೇ ಬಿಡಬೇಕು ಎಂದು ಹದಿನಾಲ್ಕು ವರ್ಷ ಇದೇ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ.

ಹಾಗಾದರೆ ಔಷಧ ಹಚ್ಚಿದ್ದರ ಮೇಲೂ ಒಂದು ಚಿಟಿಕೆ ಭಂಡಾರ ಬಿದ್ದಿರಬಹುದೆ? ಬೆಳಕು ಹರಿದ ಕೂಡಲೆ ಮೊದಲು ಅದನ್ನು ನೋಡಬೇಕು.